ಸೀಸನ್ ಮುಗಿದ ಮೇಲೆ ಲೆಕ್ಕ ಅನ್ನುವ ಏಜೆಂಟರ ಜೊತೆ ಆರ್ಕೆಸ್ಟ್ರಾಗೆ ಹೋಗಬೇಡಿ

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಕೀಬೋರ್ಡ್, ರಿದಂ ಪ್ಯಾಡ್, ಡೋಲಕ್ ನುಡಿಸುವವರು, ರಸಮಂಜರಿ ಕಾರ್ಯಕ್ರಮಗಳಲ್ಲಿ ಹಾಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬನದ ಹುಣ್ಣಿಮೆ ಹತ್ತಿರ ಬಂತೆಂದರೆ ಜಾತ್ರೆ ಸೀಸನ್, ಕಾರ್ಯಕ್ರಮ ಹಿಡಿಯುವ ಏಜೆಂಟರಿಂದ ನಮಗೆ ಫೋನ್ ಬರೋಕೆ ಶುರು. "ಈ ಸೀಸನ್ ಪೂರ್ತಿ ನನ್ನ ಜೋಡಿ ಬಾ, ದವನದ ಹುಣ್ಣಿಮೆತನಕ ಕೈತುಂಬ ಕಾರ್ಯಕ್ರಮ ಅದಾವ" ಅಂತಾರೆ. ಊಟ, ಗಾಡಿ ಎಲ್ಲ ಅವರದೇ ಅಂತಾರೆ. ಕೊನೆಗೆ ಮೆಲ್ಲಗೆ ಒಂದು ಮಾತು ಸೇರಿಸುತ್ತಾರೆ: "ಲೆಕ್ಕ ಸೀಸನ್ ಮುಗಿದ ಮ್ಯಾಲೆ ಒಟ್ಟಿಗೆ ಮಾಡೋಣ." ಆ ಮಾತು ಬಂದರೆ ಅಲ್ಲಿಗೇ ನಿಲ್ಲಿಸಿ.

ನಾನು ಗಂಗಾವತಿ ಕಡೆಯವನು, ಕೀಬೋರ್ಡ್ ನುಡಿಸುತ್ತೇನೆ. ಹೋದ ಸೀಸನ್‌ನಲ್ಲಿ ನಮ್ಮ ತಂಡದ ಎಲ್ಲರಿಗೂ ಒಬ್ಬ ಏಜೆಂಟ್ ಇದನ್ನೇ ಮಾಡಿದ. ಹೆಸರು ಇಲ್ಲಿ ಬರೆಯುವುದಿಲ್ಲ, ವಿಷಯ ವಕೀಲರ ಹತ್ತಿರ ಹೋಗಿದೆ. ಆದರೆ ಇಂಥವನು ಒಬ್ಬನೇ ಇಲ್ಲ, ಹಾಗಾಗಿ ಹೆಸರಿಗಿಂತ ಅವನು ಮಾಡಿದ ರೀತಿ ನಿಮಗೆ ಗೊತ್ತಾಗಬೇಕು.

ಜಾತ್ರೆ ಕಮಿಟಿಯವರು ಊರಲ್ಲಿ ಪಟ್ಟಿ ಎತ್ತಿ ಹಣ ಕೂಡಿಸುತ್ತಾರೆ. ಏಜೆಂಟ್ ಅವರ ಜೊತೆ ಒಂದು ಮೊತ್ತಕ್ಕೆ ಮಾತಾಡುತ್ತಾನೆ. ಆ ಮೊತ್ತ ಎಷ್ಟು ಅಂತ ಕಲಾವಿದರಿಗೆ ಗೊತ್ತಾಗುವುದೇ ಇಲ್ಲ. ಮೊದಲ ಎರಡು ಮೂರು ಕಾರ್ಯಕ್ರಮಕ್ಕೆ ನಮಗೆ ಸರಿಯಾಗಿ ಕೊಟ್ಟ, ನಂಬಿಕೆ ಬಂತು. ಆಮೇಲೆ ಅರ್ಧ ಕೊಡೋದು, ಅರ್ಧ ಬಾಕಿ. ಆಮೇಲೆ ಬರೀ ಡೀಸೆಲ್, ಊಟದ ಖರ್ಚು ಅಷ್ಟೇ. ಕೇಳಿದರೆ "ಕಮಿಟಿಯವರು ಇನ್ನಾ ಕೊಟ್ಟಿಲ್ಲಪಾ, ನಿನ್ನ ರೊಕ್ಕ ಎಲ್ಲಿ ಹೋಗ್ತದ?" ಅನ್ನುತ್ತಿದ್ದ. ಸಿಂಧನೂರು ಕಡೆಯ ಒಂದು ಹಳ್ಳಿಯಲ್ಲಿ ಕಮಿಟಿಯ ಹಿರಿಯರೊಬ್ಬರು ನಮಗೆ ಚಹಾ ಕೊಡಿಸುತ್ತಾ ಕೂತಿದ್ದಾಗ ನಮ್ಮ ರಿದಂ ಪ್ಯಾಡ್ ಹುಡುಗ ನೇರವಾಗಿ ಕೇಳಿಬಿಟ್ಟ. ಅವರಿಗೇ ಆಶ್ಚರ್ಯ. "ಪೂರ್ತಿ ರೊಕ್ಕ ಮುಂಜಾನೆನೇ ಕೊಟ್ಟೀವಲ್ರೀ" ಅಂದರು.

ಇಲ್ಲಿ ಒಂದು ವಿಷಯ ಸರಿಯಾಗಿ ನೋಡಿ. ಬಾಕಿ ಇಡುವುದು ಅವನಿಗೆ ಹಣ ಇಲ್ಲ ಅಂತ ಅಲ್ಲ. ನಮ್ಮ ಬಾಕಿ ಅವನ ಕೈಯಲ್ಲಿ ಇದ್ದಷ್ಟು ದಿನ ನಾವು ಅವನನ್ನು ಬಿಟ್ಟು ಹೋಗುವಂತಿಲ್ಲ, ಅದಕ್ಕೇ ಇಡುವುದು. ಬಿಟ್ಟರೆ ಅಷ್ಟೂ ಹಣ ಹೋಯಿತು ಅನ್ನುವ ಭಯ. ಬಾಕಿ ಜಾಸ್ತಿ ಆದಷ್ಟೂ ಭಯ ಜಾಸ್ತಿ, ಭಯ ಜಾಸ್ತಿ ಆದಷ್ಟೂ ಅವನು ಹೇಳಿದ್ದಕ್ಕೆಲ್ಲ ಹ್ಞೂಂ ಅನ್ನಬೇಕು. ನಮ್ಮ ಡೋಲಕ್ ಅಣ್ಣನಿಗೆ ಬೇರೆ ತಂಡದಿಂದ ಒಳ್ಳೆಯ ಕರೆ ಬಂದಿತ್ತು, ಇದೇ ಕಾರಣಕ್ಕೆ ಅವರು ಹೋಗಲಿಲ್ಲ. ಇದರ ಮೇಲೆ "ದಿನಾ ಹೊತ್ತುಕೊಂಡು ತಿರುಗೋದು ಯಾಕೆ, ನಮ್ಮ ಸೌಂಡ್ ಗೋಡೌನ್‌ನಲ್ಲಿ ಇಡು" ಅಂತ ನನ್ನ ಕೀಬೋರ್ಡನ್ನೂ ಅಲ್ಲೇ ಇಡಿಸಿಕೊಂಡ. ನಿಮ್ಮ ವಾದ್ಯ ಯಾವತ್ತೂ ನಿಮ್ಮ ಮನೆಯಲ್ಲೇ ಇರಲಿ. ಬಾಕಿ ಕೇಳಲು ಹೋದ ದಿನ ಗೋಡೌನ್‌ಗೆ ಬೀಗ ಇತ್ತು.

ಹಣ ಒಂದೇ ಅಲ್ಲ, ಜೀವದ ಪ್ರಶ್ನೆಯೂ ಇದೆ. ಒಂದು ಊರಲ್ಲಿ ರಾತ್ರಿ ಎರಡಕ್ಕೆ ಮುಗಿದರೆ ಮರುದಿನದ ಊರಿಗೆ ಆಗಲೇ ಹೊರಡಬೇಕು. ಮೊದಲು ಕ್ರೂಸರ್ ಕಳಿಸುತ್ತಿದ್ದ. ಆಮೇಲೆ ಅದೂ ನಿಂತಿತು, ಪಿಕಪ್‌ನಲ್ಲಿ ಸ್ಪೀಕರ್ ಬಾಕ್ಸ್‌ಗಳ ಮಧ್ಯೆ ನಾವೇ ಕೂರಬೇಕು. ಓಡಿಸುವವನು ಯಾರು ಅಂದರೆ ಸಂಜೆಯಿಂದ ವೈರ್ ಎಳೆದು, ಬಾಕ್ಸ್ ಹೊತ್ತು, ರಾತ್ರಿಯೆಲ್ಲ ಮಿಕ್ಸರ್ ಹತ್ತಿರ ನಿಂತ ಅದೇ ಹುಡುಗ. ಪಾಪ ಅವನಿಗೂ ನಿದ್ದೆ ಇಲ್ಲ, ಅವನದೂ ಬಾಕಿ ಇದೆ. ಕಾರಟಗಿ-ಸಿಂಧನೂರು ರಸ್ತೆಯಲ್ಲಿ ಬೇಸಿಗೆ ಬೆಳೆ ಕೊಯ್ಲಿನ ಟೈಮಲ್ಲಿ ಓಡಾಡಿದವರಿಗೆ ಗೊತ್ತು, ಭತ್ತ ತುಂಬಿದ ಟ್ರ್ಯಾಕ್ಟರ್ ಟ್ರೈಲರ್‌ಗಳಿಗೆ ಹಿಂದೆ ಲೈಟೇ ಇರುವುದಿಲ್ಲ. ಅಂಥದೊಂದನ್ನು ತಪ್ಪಿಸಲು ಹೋಗಿ ನಮ್ಮ ಗಾಡಿ ಪಕ್ಕದ ಹೊಲಕ್ಕೆ ಇಳಿಯಿತು. ಬಾಕ್ಸ್ ಬಿದ್ದು ರಿದಂ ಪ್ಯಾಡ್ ಹುಡುಗನ ಭುಜದ ಎಲುಬು ಮುರಿಯಿತು. ಏಜೆಂಟ್ ಬಂದ, ಮೊದಲ ದಿನದ ಆಸ್ಪತ್ರೆ ಬಿಲ್ ಕಟ್ಟಿದ, ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ. ಪ್ಯಾಡ್ ನುಡಿಸುವವನಿಗೆ ಭುಜವೇ ಎಲ್ಲ ಅಲ್ವಾ. ಆ ಹುಡುಗ ಇನ್ನೂ ಪೂರ್ತಿ ಕೈ ಎತ್ತಲು ಆಗದೆ ಒದ್ದಾಡುತ್ತಿದ್ದಾನೆ.

ಗೂಡ್ಸ್ ಗಾಡಿಯ ಬಗ್ಗೆ ಇನ್ನೊಂದು ಮಾತು. ಸರಕು ಸಾಗಿಸುವ ಗಾಡಿಯಲ್ಲಿ ಸುಮ್ನೆ ಹತ್ತಿ ಕೂತವರಿಗೆ ಪರಿಹಾರ ಕೊಡುವ ಹೊಣೆ ಇನ್ಶೂರೆನ್ಸ್ ಕಂಪನಿಯದಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಸಾಮಾನಿನ ಮಾಲೀಕ ಅಥವಾ ಅವನ ಕಡೆಯವನಾಗಿ ಹೋಗುತ್ತಿದ್ದರೆ ಮಾತು ಬೇರೆ, ಆದರೆ ಅದನ್ನು ಸಾಬೀತು ಮಾಡಲು ನಿಮ್ಮ ಹತ್ತಿರ ಒಂದು ಕಾಗದವೂ ಇರುವುದಿಲ್ಲ. ಹಳದಿ ಬೋರ್ಡಿನ, ಜನ ಕೂರುವ ಗಾಡಿ ಕೇಳಿ. ಇಲ್ಲದಿದ್ದರೆ ಬೆಳಗಾಗುವ ತನಕ ಆ ಊರಲ್ಲೇ ಇರಿ, ಗುಡಿಯ ಕಟ್ಟೆ ಮೇಲೆ ಮಲಗಿ, ಬೆಳಿಗ್ಗೆ ಒಗ್ಗರಣಿ ಮಿರ್ಚಿ ತಿಂದು ಬಸ್ ಹತ್ತಿ.

ಕರೆಂಟಿನ ವಿಷಯ ಕೀಬೋರ್ಡಿನವರಿಗೆ. ಹಳ್ಳಿಗಳಲ್ಲಿ ತ್ರೀ ಫೇಸ್ ಜನರೇಟರ್ ತಂದು ಒಂದು ಫೇಸಿಗೆ ಲೈಟು, ಇನ್ನೊಂದಕ್ಕೆ ಸೌಂಡು ಅಂತ ಹಂಚುತ್ತಾರೆ. ಇದರಲ್ಲಿ ನ್ಯೂಟ್ರಲ್ ವೈರ್ ಸಡಿಲವಾಗಿ ಬಿಟ್ಟುಹೋದರೆ ಒಂದು ಕಡೆ ವೋಲ್ಟೇಜ್ ಬೀಳುತ್ತದೆ, ಇನ್ನೊಂದು ಕಡೆ 230 ಇರಬೇಕಾದದ್ದು 400ರ ಹತ್ತಿರಕ್ಕೂ ಏರಬಹುದು. ನನಗೆ ಆಗಿದ್ದು ಅದೇ. ಹಾಡಿನ ಮಧ್ಯೆ ಲೈಟುಗಳು ಧಗ್ ಅಂತ ಬೆಳಗಿದವು, ಅಡಾಪ್ಟರ್ ಸುಟ್ಟ ವಾಸನೆ ಬಂತು, ಕೀಬೋರ್ಡ್ ಸತ್ತಿತು. ಜನರೇಟರ್ ಅವನದು, ವೈರ್ ಅವನದು, ರಿಪೇರಿ ಮಾತ್ರ ನನ್ನದು. "ನಿನ್ನ ಸಾಮಾನು ನೀನ ನೋಡ್ಕೋಬೇಕು" ಅಂದ. ಒಂದು ಸಣ್ಣ ಮಲ್ಟಿಮೀಟರ್ ಬ್ಯಾಗಿನಲ್ಲಿ ಇರಲಿ, ಪಿನ್ ಹಾಕುವ ಮೊದಲು ಫೇಸ್-ನ್ಯೂಟ್ರಲ್ ನಡುವೆ ಎಷ್ಟಿದೆ ನೋಡಿ. ವೋಲ್ಟೇಜ್ ಮಿತಿ ಮೀರಿದರೆ ತಾನೇ ಕಟ್ ಮಾಡುವ ಸ್ಟೆಬಿಲೈಸರ್ ಸಿಕ್ಕರೆ ಇನ್ನೂ ಒಳ್ಳೆಯದು, ಯಾಕೆಂದರೆ ನ್ಯೂಟ್ರಲ್ ಮಧ್ಯದಲ್ಲೂ ಬಿಡಬಹುದು. ಮೈಕ್ ಹಿಡಿದರೆ ಜುಮ್ ಅಂದರೆ ಅರ್ಥಿಂಗ್ ಇಲ್ಲ ಅಂತ, ಸರಿ ಮಾಡುವ ತನಕ ಯಾರನ್ನೂ ಹಾಡಲು ಬಿಡಬೇಡಿ.

ರಾತ್ರಿ ಹತ್ತರ ನಿಯಮವನ್ನೂ ಅವನು ನಮ್ಮ ಹಣ ಕತ್ತರಿಸಲು ಬಳಸಿದ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ 12ರವರೆಗೆ ಸಡಿಲಿಸಬಹುದು, ಅಷ್ಟೇ. ನಮ್ಮ ಕಡೆ ಆಗುವುದು ಏನು? ಮುಖಂಡರ ಭಾಷಣ, ಶಾಲು, ಹಾರ, ಸನ್ಮಾನ ಮುಗಿಯುವಾಗಲೇ ಹತ್ತು ದಾಟಿರುತ್ತದೆ. ನಾವು ಶುರು ಮಾಡಿ ಜನ ಒನ್ಸ್ ಮೋರ್ ಅನ್ನುವ ಹೊತ್ತಿಗೆ ಪೊಲೀಸರು ಬಂದು ನಿಲ್ಲಿಸುತ್ತಾರೆ. ಅವರ ಕೆಲಸ ಅವರು ಮಾಡುತ್ತಾರೆ, ತಪ್ಪಿಲ್ಲ. ಆದರೆ ಏಜೆಂಟ್ "ಅರ್ಧ ಕಾರ್ಯಕ್ರಮ, ಅರ್ಧ ಪಗಾರ" ಅಂದುಬಿಟ್ಟ. ಅನುಮತಿ ಪತ್ರ ಎಷ್ಟು ಗಂಟೆಯವರೆಗೆ ಇದೆ ಅಂತ ಹೋಗುವ ಮೊದಲೇ ಕೇಳಿ, ಅದರ ಫೋಟೋ ತರಿಸಿಕೊಳ್ಳಿ, ಮಧ್ಯದಲ್ಲಿ ನಿಂತರೂ ಪೂರ್ತಿ ಹಣ ಅಂತ ವಾಟ್ಸಾಪಿನಲ್ಲೇ ಬರೆಸಿಕೊಳ್ಳಿ.

ನಮ್ಮ ಜೊತೆ ಹಾಡಿದ ಅಕ್ಕನ ಕಷ್ಟ ಇದಕ್ಕಿಂತ ದೊಡ್ಡದು. ರೂಮ್ ಇದೆ ಅಂತ ಹೇಳಿ ಕರೆಸುವುದು, ಹೋದರೆ ಶಾಲೆಯ ಒಂದು ಕೋಣೆ, ಚಿಲಕ ಇಲ್ಲ, ಶೌಚಾಲಯಕ್ಕೆ ಬೀಗ. ಸೀರೆ ಬದಲಿಸಲು ಪಕ್ಕದ ಮನೆಯ ಅಮ್ಮಂದಿರ ಹತ್ತಿರ ಕೇಳಿಕೊಂಡು ಹೋಗಬೇಕಾಗುತ್ತಿತ್ತು, ಆ ತಾಯಂದಿರು ಒಮ್ಮೆಯೂ ಇಲ್ಲ ಅನ್ನಲಿಲ್ಲ. ಕುಡಿದವರು ವೇದಿಕೆ ಹತ್ತಿದಾಗ ಅವರನ್ನು ಇಳಿಸಿದ್ದು ನಾವು ಮತ್ತು ಊರಿನ ಹಿರಿಯರು, ಏಜೆಂಟ್ ಅಲ್ಲ. ಹಾಡುವ ಹೆಣ್ಣುಮಕ್ಕಳು ಕಮಿಟಿಯ ಒಬ್ಬರ ನಂಬರ್ ಕೇಳಿ ಪಡೆಯಿರಿ, ಜಾಗದ ಬಗ್ಗೆ ಅವರ ಬಾಯಿಂದಲೇ ಕೇಳಿ. ನಂಬರ್ ಕೊಡಲು ಏಜೆಂಟ್ ಹಿಂದೆ ಮುಂದೆ ನೋಡಿದರೆ ಹೋಗಬೇಡಿ. ಅವನು ಏನನ್ನೋ ಮುಚ್ಚಿಡುತ್ತಿದ್ದಾನೆ, ಹೆಚ್ಚಾಗಿ ಅದು ಹಣವೇ ಆಗಿರುತ್ತದೆ.

ಕಾರಹುಣ್ಣಿಮೆ ಹೊತ್ತಿಗೆ ಬಿತ್ತನೆ ಶುರುವಾಗಿ ಕಾರ್ಯಕ್ರಮ ನಿಂತವು. ನಾವೆಲ್ಲ ಸೇರಿ ಅವನ ಮನೆ ಮುಂದೆ ಕೂತ ಮೇಲೆ ಒಬ್ಬೊಬ್ಬರಿಗೂ ಮುಂದಿನ ತಾರೀಖಿನ ಚೆಕ್ ಬರೆದುಕೊಟ್ಟ, ಕೀಬೋರ್ಡನ್ನೂ ಬಿಟ್ಟುಕೊಟ್ಟ. ಚೆಕ್‌ಗಳೆಲ್ಲ ಖಾತೆಯಲ್ಲಿ ಹಣ ಇಲ್ಲ ಅಂತ ವಾಪಸ್ ಬಂದವು. ಇಲ್ಲಿಗೆ ಬಂದು ನಿಂತವರು ಸುಮ್ಮನೆ ಕೂರಬೇಡಿ, ಯಾಕೆಂದರೆ ಇದಕ್ಕೆ ದಿನಗಳ ಲೆಕ್ಕ ಇದೆ. ಚೆಕ್ ಮೇಲಿನ ತಾರೀಖಿನಿಂದ 3 ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ವಾಪಸಾಗಿದೆ ಅಂತ ಬ್ಯಾಂಕ್ ತಿಳಿಸಿದ 30 ದಿನದೊಳಗೆ ಅವನಿಗೆ ಲಿಖಿತ ನೋಟಿಸ್ ಹೋಗಬೇಕು. ನೋಟಿಸ್ ಸಿಕ್ಕ ಮೇಲೆ 15 ದಿನ ಅವನಿಗೆ ಸಮಯ. ಅಷ್ಟರಲ್ಲೂ ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ (ಚೆಕ್‌ಗಳ ಕಾನೂನು) 138ನೇ ಸೆಕ್ಷನ್ ಕೆಳಗೆ ಕೋರ್ಟಿಗೆ ದೂರು. "ನಾಳೆ ಕೊಡ್ತೀನಿ, ನಾಡಿದ್ದು ಕೊಡ್ತೀನಿ" ಅನ್ನುವುದು ಈ ದಿನಗಳನ್ನು ಕಳೆಯಲಿಕ್ಕೇ. ವಕೀಲರ ಫೀಸಿಗೆ ಹೆದರುವವರು ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಕೋರ್ಟಲ್ಲಿ ವಿಚಾರಿಸಿದರೆ ತೋರಿಸುತ್ತಾರೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ನಮ್ಮ ಅಕ್ಕ ಅಲ್ಲಿಂದಲೇ ನೋಟಿಸ್ ಕಳಿಸಿದ್ದಾರೆ, ನಾವೂ ಕಳಿಸಿದ್ದೇವೆ. ಇದೇ ರೀತಿ ಚೆಕ್ ಇಟ್ಟುಕೊಂಡು ಕಾಯುತ್ತಿರುವ ಕಲಾವಿದರು ಯಾರಾದರೂ ಇದ್ದರೆ ಈ ವಾರವೇ ಅದರ ಮೇಲಿನ ತಾರೀಖು ನೋಡಿಕೊಳ್ಳಿ.