ಹಲಸಿನ ಮರದ ಚೆನ್ನೆಮಣೆ: ಐದಾರು ಮಳೆಗಾಲ ಆಡಿದ ಮೇಲೆ

ನಮ್ಮ ಮನೆಯ ಆಟಗಳ ಕಪಾಟಿನಿಂದ ಅತಿ ಹೆಚ್ಚು ಸಲ ಹೊರಗೆ ಬರುವುದು ಈ ಚೆನ್ನೆಮಣೆ, ಅಂದರೆ ಗುಳಿಗಳಲ್ಲಿ ಕಾಯಿ ಹಂಚುತ್ತಾ ಇಬ್ಬರು ಆಡುವ ಮರದ ಮಣೆ. ಚಿಕ್ಕಂದಿನಿಂದಲೂ ನನಗೆ ಆಟದ ಹುಚ್ಚು. ಕೇರಂ, ಚೌಕಾಬಾರ, ಚೆಸ್ ಆಡಿಕೊಂಡೇ ಬೆಳೆದವನು ನಾನು. ಕೆಲಸ ಸಿಕ್ಕಿದ ಮೇಲೆ ಕ್ಯಾಟನ್ ಎಂಬ ವಿದೇಶಿ ಬೋರ್ಡ್ ಆಟ ಕೂಡ ತರಿಸಿಕೊಂಡೆ. ಅದು ತುಂಬ ಇಷ್ಟ, ಆದರೆ ಕನಿಷ್ಠ 3 ಜನ ಬೇಕು. ಮಂಗಳೂರಿನ ಮಳೆಗಾಲಕ್ಕೆ ಅದರ ಕಾರ್ಡುಗಳು ಬಾಗುತ್ತವೆ. ಕೇರಂ ಹಲಗೆ ಥಂಡಿ ಹಿಡಿದರೆ ಎಷ್ಟು ಪೌಡರ್ ಹಾಕಿದರೂ ಕಾಯಿ ಓಡುವುದಿಲ್ಲ. ಚೆನ್ನೆಗೆ ಇಬ್ಬರಿದ್ದರೆ ಸಾಕು, ಮಳೆಯ ಹಂಗಿಲ್ಲ.

ಮೊದಲು ಆನ್‌ಲೈನ್‌ನಲ್ಲಿ ಒಂದು ಮಣೆ ತರಿಸಿದ್ದೆ. ನೋಡಲು ಚೆಂದ, ಆಡಲು ಆಗದು. ಗುಳಿಗೆ ಆಳವೇ ಇಲ್ಲ. ಆರೇಳು ಕಾಯಿ ಸೇರಿದರೆ ಹೊರಗೆ ಜಾರುತ್ತಿದ್ದವು. ಬಣ್ಣವೂ ಒಂದೇ ಮಳೆಗಾಲಕ್ಕೆ ಎದ್ದುಬಂತು. ಈಗಿನದು ಆಟಿ ತಿಂಗಳ (ತುಳುನಾಡಿನ ಜಡಿಮಳೆಯ ತಿಂಗಳು) ಕಾರ್ಯಕ್ರಮವೊಂದರಲ್ಲಿ ಬಡಗಿಯೊಬ್ಬರಿಂದ ಕೊಂಡದ್ದು. ಒಂದೇ ಹಲಸಿನ ಹಲಗೆಯಲ್ಲಿ ಕೊರೆದ 14 ಗುಳಿ. ಮೂರು ಬೆರಳು ಸಲೀಸಾಗಿ ಇಳಿಯುವಷ್ಟು ಅಗಲ, ತಳ ಗುಂಡಗೆ. ಈ ಗುಂಡಗಿನ ತಳವೇ ಮುಖ್ಯ. ಬೆರಳನ್ನು ಒಂದು ಸುತ್ತು ತಿರುಗಿಸಿದರೆ ಕಾಯಿಗಳೆಲ್ಲ ಕೈಗೆ ಬರುತ್ತವೆ. ಚಪ್ಪಟೆ ತಳವಾದರೆ ಅಂಚಿನಲ್ಲಿ ಒಂದು ಉಳಿದು ಲೆಕ್ಕವೇ ಕೆಡುತ್ತದೆ.

ಆಟದ ಬಗ್ಗೆ ಹೇಳಲೇಬೇಕು. ಒಂದೊಂದು ಮನೆಗೆ, ಅಂದರೆ ಗುಳಿಗೆ, 4ರಂತೆ ಒಟ್ಟು 56 ಕಾಯಿ. ನಮ್ಮ ಮನೆಯ ಕ್ರಮದಲ್ಲಿ, ಒಂದು ಗುಳಿಯ ಕಾಯಿಗಳನ್ನೆಲ್ಲ ಎತ್ತಿ ಮುಂದಿನವಕ್ಕೆ ಒಂದೊಂದಾಗಿ ಹಂಚುವುದು, ಕೈ ಖಾಲಿಯಾದಾಗ ಮುಂದಿನ ಮನೆಯದನ್ನು ಎತ್ತಿ ಹಂಚುತ್ತಾ ಹೋಗುವುದು. ಮುಂದಿನ ಮನೆ ಖಾಲಿ ಇದ್ದರೆ ಅದರಾಚೆಯ ಮನೆಯ ಕಾಯಿ ನಮಗೆ, ಆಡುವ ಸರದಿ ಎದುರಿನವರಿಗೆ. ಈ ಲೆಕ್ಕದಲ್ಲಿ ಮೊದಲ ಸರದಿಯನ್ನು ಯಾವ ಮನೆಯಿಂದ ಶುರು ಮಾಡಿದರೂ ಸಿಗುವುದು 6 ಕಾಯಿಯೇ. ಬೇಕಾದರೆ ಹಂಚಿ ನೋಡಿ. ಹಾಗಾದರೆ ಎಲ್ಲಿಂದ ಶುರು ಮಾಡಿದರೇನು ಅಂತ ಅನಿಸುತ್ತದೆ, ಅಲ್ವಾ? ಅಲ್ಲೇ ಇರುವುದು ಮಜಾ. ಖಾಲಿ ಮನೆಗಳು ಯಾರ ಕಡೆ ಬೀಳುತ್ತವೆ, ಏಳು ಕಾಯಿ ತುಂಬಿದ ಮನೆಗಳು ಯಾರ ಪಾಲಿಗೆ ಉಳಿಯುತ್ತವೆ ಅನ್ನುವುದು ಬೇರೆಯಾಗುತ್ತದೆ. ದಾಳವಿಲ್ಲ, ಅದೃಷ್ಟವಿಲ್ಲ, ಎಲ್ಲವೂ ಕಣ್ಣೆದುರೇ. ಆದರೂ ಎರಡು ಸುತ್ತು ಮುಂದಕ್ಕೆ ಲೆಕ್ಕ ಹಾಕಲು ನನಗೆ ಇನ್ನೂ ಬೆವರಿಳಿಯುತ್ತದೆ. ಇಷ್ಟು ವರ್ಷವಾದರೂ ಬೇಸರ ಬಾರದಿರುವುದು ಇದಕ್ಕೇ.

ತುಳುವಿನ ಜನಪದ ಕಥನಗೀತೆ ಸಿರಿ ಪಾಡ್ದನದ ಅವಳಿ ಸೋದರಿಯರು ಅಬ್ಬಗ ದಾರಗರು ಚೆನ್ನೆ ಆಡುತ್ತಾ ಜಗಳವಾಗಿಯೇ ಪ್ರಾಣ ಕಳೆದುಕೊಂಡದ್ದು. ಹಾಗಾಗಿ ಅಕ್ಕ ತಂಗಿಯರು ಎದುರು ಬದುರು ಕೂರಬಾರದು ಎನ್ನುವ ಮನೆಗಳು ಈಗಲೂ ಇವೆ. ನಮ್ಮ ದೊಡ್ಡಮ್ಮನೂ ಹಾಗೆಯೇ. "ನೀವಿಬ್ರು ಬೇಡ ಮಾರಾಯ್ತಿ, ಒಬ್ಬಳು ನನ್ನೊಟ್ಟಿಗೆ ಕೂತ್ಕೋ" ಎಂದು ನನ್ನ ಮಕ್ಕಳನ್ನು ಬೇರೆ ಮಾಡುತ್ತಾರೆ. ಆಟಿ ಮುಗಿದ ಮೇಲೆ ಮಣೆ ಅಟ್ಟಕ್ಕೆ ಹೋಗಬೇಕು ಎನ್ನುವುದೂ ಅವರ ಮಾತು. ಅವರು ಮನೆಯಲ್ಲಿದ್ದಾಗ ಹಾಗೆಯೇ ನಡೆಯುತ್ತದೆ.

ಮರ ಇನ್ನೂ ಬಿರುಕು ಬಿಟ್ಟಿಲ್ಲ. ಮೊದಲ ಮಳೆಗಾಲದಲ್ಲಿ ಅಡಿಭಾಗಕ್ಕೆ ಬೂಸ್ಟು ಬಂದಿತ್ತು. ಈಗ ಒಣಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ತೆಂಗಿನೆಣ್ಣೆ ಸವರಿ, ಗಾಳಿಯಾಡುವ ಕಡೆ ಇಡುತ್ತೇವೆ. ಹಳದಿ ಇದ್ದ ಮರ ಈಗ ಜೇನಿನ ಬಣ್ಣಕ್ಕೆ ತಿರುಗಿದೆ.

ಕಾಯಿಗೆ ಮಂಜೊಟ್ಟಿ ಎನ್ನುವ ಕೆಂಪು ಬೀಜವೇ ಸೈ. ಗಟ್ಟಿ, ನುಣುಪು, ಕೈಗೆ ಹಿತ. ಹುಣಸೆ ಬೀಜವೂ ನಡೆಯುತ್ತದೆ. ಕಪ್ಪು ಚುಕ್ಕೆಯ ಗುಲಗಂಜಿ ಮಾತ್ರ ಖಂಡಿತ ಬೇಡ, ಅದರ ವಿಷ ಜೀವಕ್ಕೇ ಅಪಾಯ. ಯಾವ ಬೀಜವಾದರೂ ಪುಟ್ಟ ಮಕ್ಕಳ ಬಾಯಿಗೆ ಸಿಗದಂತೆ ನೋಡಿಕೊಳ್ಳಿ.

ಒಂದೇ ಕೊರತೆ: ಬಡಗಿ ಕೊಟ್ಟದ್ದು ಸರಿಯಾಗಿ 56 ಕಾಯಿ. ಸೋಫಾದ ಅಡಿಗೆ ಹೋಗುವುದು ಹೋಗಿಯೇ ಹೋಗುತ್ತದೆ. ಕೊಳ್ಳುವಾಗಲೇ ಹತ್ತಿಪ್ಪತ್ತು ಜಾಸ್ತಿ ಕೇಳಿ ತೆಗೆದುಕೊಳ್ಳಿ.