ಆ್ಯಡ್‌ವೇರ್ ತೆಗೆಯುವ ದಾರಿಗಳು: ಮೂರು ಕಂಪ್ಯೂಟರುಗಳ ಮೇಲೆ ನಾನು ಮಾಡಿ ನೋಡಿದ ಹೋಲಿಕೆ

ನಮ್ಮ ಕಡೆ ಕಂಪ್ಯೂಟರಿನ ಪರದೆಯಲ್ಲಿ ಕೇಳದ ಜಾಹೀರಾತು ಕಾಣಿಸಿಕೊಂಡರೆ ಸಿಗುವ ಸಲಹೆ ಒಂದೇ: “ವೈರಸ್ ಹೊಕ್ಕಿದೆ, ಫಾರ್ಮ್ಯಾಟ್ ಮಾಡಿಸಿಬಿಡಿ.” ಫಾರ್ಮ್ಯಾಟ್ ಎಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು. ಈ ಮಾತನ್ನು ನಂಬಿ ನನ್ನ ಅಕ್ಕನ ಮನೆಯವರು ತೋಟದ ಹತ್ತು ವರ್ಷದ ಲೆಕ್ಕವನ್ನೂ ಮಗನ ಉಪನಯನದ ಪಟಗಳನ್ನೂ ಕಳೆದುಕೊಂಡರು. ಜಾಹೀರಾತು ಮಾತ್ರ ಮೂರನೆಯ ದಿನಕ್ಕೆ ಮರಳಿ ಬಂದಿತು. ಆ ಸಂಕಟವೇ ನನ್ನನ್ನು ಈ ಹೋಲಿಕೆಗೆ ಕೂರಿಸಿತು.

ಕಳೆದ ಆಷಾಢದಲ್ಲಿ ಮೂರು ಯಂತ್ರಗಳು ನನ್ನ ಕೈಗೆ ಬಂದವು. ಒಂದು, ತೀರ್ಥಹಳ್ಳಿ ಪೇಟೆಯಲ್ಲಿರುವ ನನ್ನದೇ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿಯದು. ಇನ್ನೊಂದು, ಆಗುಂಬೆ ಕಡೆಯ ನಮ್ಮ ಮನೆಯಲ್ಲಿ ಅಪ್ಪಯ್ಯ ಅಡಿಕೆ ಧಾರಣೆ ನೋಡಲು ಬಳಸುವ ಲ್ಯಾಪ್‌ಟಾಪ್. ಮೂರನೆಯದು ಹೊಸನಗರ ತಾಲ್ಲೂಕಿನ ಅಕ್ಕನ ಮನೆಯದು. ಮೂರರಲ್ಲಿಯೂ ಜಾಹೀರಾತಿನ ಕಾಟವೇ. ಆದರೆ ಅದು ಅಡಗಿ ಕುಳಿತ ಜಾಗ ಮೂರರಲ್ಲಿಯೂ ಬೇರೆಬೇರೆ. ಯಾವ ತಂತ್ರಾಂಶ ಮೇಲು ಎಂಬ ಪ್ರಶ್ನೆಗಿಂತ ಮೊದಲು, ಜಾಹೀರಾತು ಎಲ್ಲಿಂದ ಏಳುತ್ತಿದೆ ಎಂದು ನೋಡಬೇಕು. ಇದು ತಿಳಿಯಲು ನನಗೆ ಎರಡು ವಾರ ಹಿಡಿಯಿತು.

ಅಪ್ಪಯ್ಯನ ಲ್ಯಾಪ್‌ಟಾಪ್‌ನದು ನೋಡಲು ಎಲ್ಲಕ್ಕಿಂತ ಭಯ ಹುಟ್ಟಿಸುವ ಸ್ಥಿತಿ. ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ಎರಡೆರಡು ನಿಮಿಷಕ್ಕೆ ಒಂದು ಚೌಕ ಏಳುತ್ತಿತ್ತು: ನಿಮ್ಮ ಕಂಪ್ಯೂಟರಿನಲ್ಲಿ ಐದು ವೈರಸ್‌ಗಳಿವೆ, ಕೂಡಲೇ ಇಲ್ಲಿ ಒತ್ತಿ. ಒತ್ತಿದಾಗ ಪರದೆಯ ತುಂಬ ಕೆಂಪು ಪುಟವೊಂದು ತೆರೆದು, ಸೈರನ್ ಸದ್ದಿನೊಂದಿಗೆ ಒಂದು ದೂರವಾಣಿ ಸಂಖ್ಯೆಯನ್ನು ತೋರಿಸಿತ್ತು. ಅಪ್ಪಯ್ಯ ಆ ಸಂಖ್ಯೆಗೆ ಕರೆ ಮಾಡಲೆಂದು ಮೊಬೈಲ್ ಹಿಡಿದು, ಸಿಗ್ನಲ್ ಸಿಗುವ ಅಂಗಳದ ತುದಿಗೆ ಹೋಗಿದ್ದರು. ಅಂದು ಮಳೆಗೆ ಸಿಗ್ನಲ್ ಇಲ್ಲದೇ ಹೋದದ್ದು ನಮ್ಮ ಪುಣ್ಯ. ಆ ಬಗೆಯ ಸಂಖ್ಯೆಗೆ ಕರೆ ಮಾಡಿದರೆ ಅತ್ತಲಿಂದ ಮಾತನಾಡುವವರು ದೂರದಿಂದಲೇ ಕಂಪ್ಯೂಟರನ್ನು ವಶಕ್ಕೆ ತೆಗೆದುಕೊಂಡು, ದುರಸ್ತಿಯ ಹೆಸರಿನಲ್ಲಿ ಬ್ಯಾಂಕ್ ಖಾತೆಯವರೆಗೂ ಕೈ ಚಾಚುತ್ತಾರೆ.

ಈ ಯಂತ್ರದ ಮೇಲೆ ಒಂದಾದ ಮೇಲೊಂದು ಮೂರು ತಂತ್ರಾಂಶಗಳಿಂದ ಸ್ಕ್ಯಾನ್ ಮಾಡಿದೆ. ಮೂರೂ “ಏನೂ ಸಿಗಲಿಲ್ಲ” ಎಂದವು. ಅವು ಹೇಳಿದ್ದು ನಿಜವೇ ಆಗಿತ್ತು. ಅಲ್ಲಿ ವೈರಸ್ ಇರಲಿಲ್ಲ. ಕಂಪ್ಯೂಟರಿಗೆ ಸೇರಿಕೊಂಡು ಜಾಹೀರಾತು ಸುರಿಸುವ ಆ್ಯಡ್‌ವೇರ್ ಎಂಬ ಪ್ರೋಗ್ರಾಂ ಕೂಡ ಇರಲಿಲ್ಲ. ಧಾರಣೆ ಹುಡುಕುವಾಗ ತೆರೆದುಕೊಂಡ ಯಾವುದೋ ಪುಟ “ನೀವು ರೋಬೋಟ್ ಅಲ್ಲವೆಂದು ತೋರಿಸಲು ‘ಅನುಮತಿಸಿ’ ಒತ್ತಿ” ಎಂದು ಕೇಳಿತ್ತು, ಅಪ್ಪಯ್ಯ ಒತ್ತಿದ್ದರು. ಹಾಗೆ ಒತ್ತಿದ್ದರಿಂದ ಆ ತಾಣಕ್ಕೆ ನೋಟಿಫಿಕೇಶನ್ ಕಳುಹಿಸುವ ಅನುಮತಿ ಸಿಕ್ಕಿತ್ತು. ಪುಟವನ್ನು ಮುಚ್ಚಿದ ಮೇಲೂ ಅದು ಚೌಕಗಳನ್ನು ಕಳುಹಿಸುತ್ತಲೇ ಇರುತ್ತದೆ. ಪರಿಹಾರಕ್ಕೆ ಬೇಕಾದದ್ದು ಎರಡು ನಿಮಿಷ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಗೌಪ್ಯತೆ ಮತ್ತು ಭದ್ರತೆಯ ವಿಭಾಗ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್. ಅನುಮತಿ ಪಡೆದ ತಾಣಗಳ ಪಟ್ಟಿ ಅಲ್ಲಿ ಕಾಣುತ್ತದೆ. ಗುರುತಿಲ್ಲದ ಹೆಸರುಗಳನ್ನೆಲ್ಲ ತೆಗೆದುಹಾಕಿ, ಇನ್ನು ಮುಂದೆ ಯಾವ ತಾಣವೂ ಈ ಅನುಮತಿಯನ್ನು ಕೇಳಲೇಬಾರದೆಂದು ಗುರುತು ಮಾಡಿದೆ. ಚೌಕ ನಿಂತುಹೋಯಿತು. ಪರದೆ ತುಂಬಿದ ಕೆಂಪು ಪುಟ ಎಂದಾದರೂ ಮತ್ತೆ ಬಂದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರನ್ನು ಮುಚ್ಚಬೇಕು, ಮತ್ತೆ ತೆರೆದಾಗ ಹಳೆಯ ಪುಟಗಳನ್ನು ಮರಳಿ ತರಬೇಕೇ ಎಂದು ಕೇಳಿದರೆ ಬೇಡವೆನ್ನಬೇಕು ಎಂದು ಕಾಗದದಲ್ಲಿ ಬರೆದುಕೊಟ್ಟಿದ್ದೇನೆ.

ಕೈಯಿಂದಲೇ ಮಾಡುವ ಈ ಕೆಲಸವನ್ನು ನಾನು ಮೊದಲ ದಾರಿಯೆಂದು ಎಣಿಸುತ್ತೇನೆ. ಇದಕ್ಕೆ ಅಂತರ್ಜಾಲ ಬೇಡ, ಹಣ ಬೇಡ, ಕರೆಂಟ್ ಹೋಗುವ ಭಯವೂ ಇಲ್ಲ. ಎಕ್ಸ್‌ಟೆನ್ಶನ್‌ಗಳ, ಅಂದರೆ ಬ್ರೌಸರಿಗೆ ಸೇರಿಸಿಕೊಳ್ಳುವ ಚಿಕ್ಕ ಪ್ರೋಗ್ರಾಂಗಳ ಪಟ್ಟಿಯನ್ನು ನೋಡಿ, ವಿಂಡೋಸ್‌ನಲ್ಲಿ ಸ್ಥಾಪಿಸಿರುವ ಆ್ಯಪ್‌ಗಳ ಪಟ್ಟಿಯನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿದರೆ, ತೊಂದರೆ ಆರಂಭವಾದ ದಿನ ಏನೇನು ಒಳಬಂದಿತ್ತು ಎಂಬುದು ಬಹುಮಟ್ಟಿಗೆ ಕಣ್ಣಿಗೆ ಬೀಳುತ್ತದೆ. ಬ್ರೌಸರನ್ನು ರೀಸೆಟ್ ಮಾಡುವುದೂ ಒಳ್ಳೆಯ ಉಪಾಯವೇ. ಬುಕ್‌ಮಾರ್ಕ್, ಪಾಸ್‌ವರ್ಡ್ ಉಳಿಯುತ್ತವೆ, ಮುಖಪುಟ, ಹುಡುಕಾಟದ ತಾಣ ಮೊದಲಿನಂತಾಗುತ್ತವೆ, ಎಕ್ಸ್‌ಟೆನ್ಶನ್‌ಗಳು ನಿಷ್ಕ್ರಿಯವಾಗುತ್ತವೆ. ಆದರೆ ಲಾಗಿನ್ ನೆನಪಿಡುವ ಕುಕೀಗಳು ಅಳಿಸಿಹೋಗುವುದರಿಂದ ಎಲ್ಲ ತಾಣಗಳಿಗೂ ಮತ್ತೆ ಲಾಗಿನ್ ಆಗಬೇಕು. ದಿನಕ್ಕೆ ಹತ್ತು ಸರ್ಕಾರಿ ಅರ್ಜಿ ತುಂಬುವ ನನ್ನಂಥವರ ಅಂಗಡಿಯಲ್ಲಿ ಅದಕ್ಕೆ ಒಂದು ಬೆಳಗು ಬೇಕು. ಹಳೆಯ ವಿಡಿಯೊಗಳು ಕ್ರೋಮ್‌ನೊಳಗೇ ಇರುವ ಶುಚಿಗೊಳಿಸುವ ಸಾಧನವನ್ನು ಬಳಸಿ ಎಂದು ಇನ್ನೂ ಹೇಳುತ್ತಿವೆ. ಅದನ್ನು ಗೂಗಲ್ 2023ರಲ್ಲಿಯೇ ತೆಗೆದುಹಾಕಿದೆ, ಹುಡುಕಿ ಹೊತ್ತು ಕಳೆಯಬೇಡಿ.

ಅಂಗಡಿಯ ಕಂಪ್ಯೂಟರಿನಲ್ಲಿ ಕಥೆ ಬೇರೆ. ಪಿಡಿಎಫ್ ಕಡತವನ್ನು ವರ್ಡ್‌ಗೆ ಬದಲಿಸುವ ಉಚಿತ ತಂತ್ರಾಂಶವೊಂದನ್ನು ಲಗ್ನಪತ್ರಿಕೆಯ ಅವಸರದಲ್ಲಿ ಇಳಿಸಿಕೊಂಡಿದ್ದೆ. ಅದರ ಬೆನ್ನಿಗೆ ಇನ್ನೇನೋ ಸೇರಿಕೊಂಡು ಬಂದಿತು. ಮುಖಪುಟ ಬದಲಾಯಿತು, ಏನು ಹುಡುಕಿದರೂ ಗುರುತಿಲ್ಲದ ತಾಣಕ್ಕೆ ಹೋಗುತ್ತಿತ್ತು. ಕೈಯಿಂದ ಸರಿಪಡಿಸಿದರೆ ಮರುದಿನ ಮತ್ತೆ ಅದೇ. ಕ್ರೋಮ್‌ನ ಮೆನುವಿನ ಕೊನೆಯಲ್ಲಿ “ನಿಮ್ಮ ಸಂಸ್ಥೆ ಈ ಬ್ರೌಸರನ್ನು ನಿರ್ವಹಿಸುತ್ತಿದೆ” ಎಂಬ ಅರ್ಥದ ಸಾಲು ಕಾಣಿಸಿಕೊಂಡಿತು. ನನ್ನದು ಒಬ್ಬರೇ ನಡೆಸುವ ಅಂಗಡಿ. ಯಾವ ಸಂಸ್ಥೆಯೂ ಇಲ್ಲ. ದೊಡ್ಡ ಕಚೇರಿಗಳು ನೌಕರರ ಬ್ರೌಸರ್ ಮೇಲೆ ನಿಯಮ ಹೇರಲು ಇರುವ ವ್ಯವಸ್ಥೆಯನ್ನೇ ಆ್ಯಡ್‌ವೇರ್ ಬಳಸಿಕೊಂಡಿತ್ತು. ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಡುವ ರಿಜಿಸ್ಟ್ರಿಯಲ್ಲಿ ಹಾಗೆ ನಿಯಮ ಬರೆದರೆ, ಎಕ್ಸ್‌ಟೆನ್ಶನ್ ತೆಗೆಯುವ ಗುಂಡಿಯೇ ಕೆಲಸ ಮಾಡುವುದಿಲ್ಲ. ಕೆಲವು ಆ್ಯಂಟಿವೈರಸ್‌ಗಳೂ ತಮ್ಮ ಕೆಲಸಕ್ಕಾಗಿ ಇದೇ ಸಾಲು ಮೂಡುವಂತೆ ಮಾಡುತ್ತವೆ. ಸಾಲು ಕಂಡ ಮಾತ್ರಕ್ಕೆ ಗಾಬರಿ ಬೇಡ, ನಿಯಮ ಯಾರದೆಂದು ನೋಡಿ.

ತಂತ್ರಾಂಶಗಳ ನಡುವಿನ ನಿಜವಾದ ಹೋಲಿಕೆಯನ್ನು ಈ ಯಂತ್ರದ ಮೇಲೆಯೇ ಮಾಡಿದ್ದು. ಮೊದಲು ಏನನ್ನೂ ಅಳಿಸದೆ ಎಲ್ಲದರಿಂದಲೂ ಬರಿಯ ಸ್ಕ್ಯಾನ್ ಮಾಡಿ, ಯಾವುದು ಏನು ಕಂಡುಹಿಡಿಯಿತು ಎಂದು ಬರೆದಿಟ್ಟುಕೊಂಡೆ.

ವಿಂಡೋಸ್ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್ ಮೊದಲ ಸುತ್ತಿನಲ್ಲಿ ಏನನ್ನೂ ಹೇಳಲಿಲ್ಲ. ಕಾರಣ ಆಮೇಲೆ ತಿಳಿಯಿತು. ಬೇಡದ ಆ್ಯಪ್‌ಗಳನ್ನು ತಡೆಯುವ ಆಯ್ಕೆಯೊಂದು ಅದರಲ್ಲಿ ಪ್ರತ್ಯೇಕವಾಗಿದೆ. ವಿಂಡೋಸ್ ಸೆಕ್ಯುರಿಟಿಯಲ್ಲಿ ಆ್ಯಪ್ ಮತ್ತು ಬ್ರೌಸರ್ ನಿಯಂತ್ರಣ, ಅದರೊಳಗೆ ಖ್ಯಾತಿ ಆಧಾರಿತ ರಕ್ಷಣೆ ಎಂಬಲ್ಲಿ ಹುಡುಕಬೇಕು. 2021ರ ಆಗಸ್ಟ್‌ನಿಂದ ಮೈಕ್ರೋಸಾಫ್ಟ್ ಇದನ್ನು ತಾನಾಗಿಯೇ ಚಾಲೂ ಇಡುತ್ತಿದೆ. ನನ್ನ ಯಂತ್ರಕ್ಕೆ ಪುಟವಿನ್ಯಾಸದ ತಂತ್ರಾಂಶ ಹಾಕಿಕೊಟ್ಟವರು ಪರವಾನಗಿಯಿಲ್ಲದ ಪ್ರತಿ ಸೇರಿಸುವಾಗ ಇದನ್ನು ಆಫ್ ಮಾಡಿ, ಹಾಗೆಯೇ ಬಿಟ್ಟು ಹೋಗಿದ್ದರು. ಚಾಲೂ ಮಾಡಿ ಮತ್ತೆ ಸ್ಕ್ಯಾನ್ ಮಾಡಿದಾಗ ಡಿಫೆಂಡರ್ ಮೂಲ ಅಪರಾಧಿಯನ್ನೇ, ಅಂದರೆ ಡೌನ್‌ಲೋಡ್ಸ್ ಫೋಲ್ಡರಿನಲ್ಲಿದ್ದ ಆ ಇನ್‌ಸ್ಟಾಲರನ್ನು ಹಿಡಿಯಿತು. ಬ್ರೌಸರಿನ ನಿಯಮವನ್ನು ಮಾತ್ರ ಮುಟ್ಟಲಿಲ್ಲ. ಈ ಆಯ್ಕೆಯೊಳಗೆ ಡೌನ್‌ಲೋಡ್ ತಡೆಯುವ ಇನ್ನೊಂದು ಗುರುತೂ ಇದೆ. ಅದು ಎಡ್ಜ್ ಬ್ರೌಸರಿಗೆ ಮಾತ್ರ ಅನ್ವಯಿಸುತ್ತದೆ.

ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಬಗ್ಗೆ ಒಂದು ಮಾತು. ವಿಂಡೋಸ್ ಪೂರ್ಣ ತೆರೆದುಕೊಳ್ಳುವ ಮೊದಲೇ ಅದು ಹುಡುಕುವುದರಿಂದ ಮೊಂಡು ಸೋಂಕಿಗೆ ಒಳ್ಳೆಯದು, ಸುಮಾರು 15 ನಿಮಿಷ ಸಾಕು. ನಮ್ಮಲ್ಲಿ ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆಂಬ ಭರವಸೆ ಇಲ್ಲ. ನನ್ನ ಯುಪಿಎಸ್ ಹತ್ತು ನಿಮಿಷವೂ ತಾಳುವುದಿಲ್ಲ. ಎರಡು ಬಾರಿ ನಡುವೆಯೇ ನಿಂತು, ಮೂರನೆಯ ಬಾರಿ ಬೆಳಗಿನ ಜಾವಕ್ಕೆ ಮುಗಿಯಿತು. ಮಳೆಗಾಲದಲ್ಲಿ ಇದನ್ನು ಬ್ಯಾಟರಿ ತುಂಬಿದ ಲ್ಯಾಪ್‌ಟಾಪ್‌ಗೆ ಮಾತ್ರ ಹೇಳುತ್ತೇನೆ.

ಆ್ಯಡ್‌ಡಬ್ಲ್ಯೂಕ್ಲೀನರ್ ಎಂಬುದು ಈ ಕೆಲಸಕ್ಕೆಂದೇ ಹುಟ್ಟಿದ್ದು. 2016ರಲ್ಲಿ ಮಾಲ್‌ವೇರ್‌ಬೈಟ್ಸ್ ಸಂಸ್ಥೆ ಇದನ್ನು ಕೊಂಡುಕೊಂಡಿತು. ಸ್ಥಾಪಿಸುವ ಅಗತ್ಯವಿಲ್ಲ, ಕಡತ ಚಿಕ್ಕದು. ಪೆನ್‌ಡ್ರೈವ್‌ನಲ್ಲಿ ಒಯ್ದು ಅಂತರ್ಜಾಲ ಕುಂಟುವ ಮನೆಯಲ್ಲಿಯೂ ಕೆಲಸಕ್ಕೆ ಹಚ್ಚಬಹುದು. ಕೆಲವೇ ನಿಮಿಷಗಳಲ್ಲಿ ಅದು ಎಕ್ಸ್‌ಟೆನ್ಶನ್, ರಿಜಿಸ್ಟ್ರಿಯ ನಮೂದುಗಳು, ಗೊತ್ತಾದ ಹೊತ್ತಿಗೆ ತಾನಾಗಿ ಓಡಿ ದಿನವೂ ಎಲ್ಲವನ್ನೂ ಮತ್ತೆ ಹಾಳುಮಾಡುತ್ತಿದ್ದ ನಿಗದಿತ ಕಾರ್ಯ, ಹೀಗೆ ಎಲ್ಲವನ್ನೂ ಎತ್ತಿ ತೋರಿಸಿತು. ಕ್ರೋಮ್ ನಿಯಮಗಳನ್ನು ಅಳಿಸುವ ಆಯ್ಕೆ ಅದರ ಸೆಟ್ಟಿಂಗ್ಸ್‌ನಲ್ಲಿದೆ. ಅದನ್ನು ಚಾಲೂ ಮಾಡಿ ಶುಚಿಗೊಳಿಸಿದ ಮೇಲೆಯೇ ಆ “ಸಂಸ್ಥೆ”ಯ ಸಾಲು ಮಾಯವಾಯಿತು. ಎರಡು ಎಚ್ಚರಿಕೆ ಹೇಳಬೇಕು. ಶುಚಿ ಮಾಡುವಾಗ ಇದು ತೆರೆದಿರುವ ಪ್ರೋಗ್ರಾಂಗಳನ್ನೆಲ್ಲ ಮುಚ್ಚುತ್ತದೆ, ಕೆಲಸವನ್ನು ಮೊದಲೇ ಉಳಿಸಿಕೊಳ್ಳಿ. ಕಂಪ್ಯೂಟರ್ ಕಂಪನಿಯೇ ಹಾಕಿಕೊಟ್ಟ ತಂತ್ರಾಂಶಗಳನ್ನೂ ಇದು ಪ್ರತ್ಯೇಕವಾಗಿ ತೋರಿಸುತ್ತದೆ. ಅವುಗಳಲ್ಲಿ ಏನೆಂದು ತಿಳಿಯದ್ದನ್ನು ಮುಟ್ಟಬೇಡಿ. ಹಾಗೆಂದು ಕಂಪನಿಯೇ ಹಾಕಿದ್ದೆಲ್ಲ ಒಳ್ಳೆಯದೆಂದೂ ಅಲ್ಲ: ಲೆನೊವೊ ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಎಂಬ ಆ್ಯಡ್‌ವೇರ್ ಮೊದಲೇ ಸೇರಿಕೊಂಡಿದ್ದ ಸಂಗತಿ 2015ರಲ್ಲಿ ಹೊರಬಂದಿತ್ತು.

ಅದೇ ಸಂಸ್ಥೆಯ ದೊಡ್ಡ ತಂತ್ರಾಂಶ ಮಾಲ್‌ವೇರ್‌ಬೈಟ್ಸ್. ಮೇಲಿನದೆಲ್ಲವನ್ನೂ ಕಂಡುಹಿಡಿದು, ಜೊತೆಗೆ ಇನ್ನೊಂದು ಫೋಲ್ಡರಿನಲ್ಲಿ ಉಳಿದಿದ್ದ ಪ್ರೋಗ್ರಾಮನ್ನೂ ತೋರಿಸಿತು. ಆಳದಲ್ಲಿ ಇದೇ ಮುಂದು. ಆದರೆ ಸ್ಥಾಪಿಸಬೇಕು, ಅದಕ್ಕೆ ಒಳ್ಳೆಯ ಅಂತರ್ಜಾಲ ಬೇಕು. ನಾಲ್ಕು ಜಿಬಿ ರ್‍ಯಾಮ್ ಇರುವ ನನ್ನ ಯಂತ್ರಕ್ಕೆ ಭಾರವೂ ಹೌದು. ಮೊದಲ 14 ದಿನ ಹಣ ಕೊಟ್ಟವರಿಗಿರುವ ಸೌಲಭ್ಯ ಸಿಗುತ್ತದೆ, ಆಮೇಲೆ ನಾವಾಗಿ ಸ್ಕ್ಯಾನ್ ಮಾಡಿದರೆ ಮಾತ್ರ ಉಚಿತ. ಆ್ಯಡ್‌ಡಬ್ಲ್ಯೂಕ್ಲೀನರ್ ಆದಮೇಲೂ ತೊಂದರೆ ಉಳಿದರೆ ಇದನ್ನು ತನ್ನಿ.

ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವೂ ಉಚಿತ ಸಾಧನಗಳನ್ನು ಕೊಡುತ್ತದೆ. ನನ್ನ ಯಂತ್ರದಲ್ಲಿ ಅದಕ್ಕೆ ಏನೂ ಸಿಗಲಿಲ್ಲ. ಅದರ ಗುರಿ ಬಾಟ್‌ಗಳು, ಅಂದರೆ ನಮ್ಮ ಕಂಪ್ಯೂಟರನ್ನು ಗುಟ್ಟಾಗಿ ಬೇರೆಯವರ ಚಾಕರಿಗೆ ಹಚ್ಚುವ ಸೋಂಕು. ಅದಕ್ಕೆ ಅದನ್ನು ಬಳಸಬೇಕು, ಜಾಹೀರಾತಿಗಲ್ಲ.

ಇನ್ನು ಫಾರ್ಮ್ಯಾಟ್. ಅಕ್ಕನ ಮನೆಯ ಕಂಪ್ಯೂಟರನ್ನು ಭಾವ ಶಿವಮೊಗ್ಗದವರೆಗೆ ಬಸ್ಸಿನಲ್ಲಿ ಒಯ್ದು ಅಂಗಡಿಯೊಂದರಲ್ಲಿ ಫಾರ್ಮ್ಯಾಟ್ ಮಾಡಿಸಿ ತಂದರು. ಕಡತಗಳ ಪ್ರತಿ ಇದೆಯೇ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಮನೆಗೆ ತಂದು ಕ್ರೋಮ್‌ಗೆ ತಮ್ಮ ಗೂಗಲ್ ಖಾತೆಯಿಂದ ಸೈನ್ ಇನ್ ಆದರು. ಕೆಲವು ದಿನಗಳಲ್ಲಿ ಎಲ್ಲ ಪುಟಗಳಲ್ಲೂ ಹಳೆಯ ಜಾಹೀರಾತುಗಳೇ. ಮತ್ತೆ ಫಾರ್ಮ್ಯಾಟ್, ಮತ್ತೆ ಜಾಹೀರಾತು. ಅಕ್ಕ ಬೇಸತ್ತು “ಈ ಪೆಟ್ಟಿಗೆಯೇ ನಮಗೆ ಬೇಡ ಕಣೋ” ಎಂದಳು. ನೋಡಿದರೆ, ಜಾಹೀರಾತು ಸುರಿಸುತ್ತಿದ್ದ ಎಕ್ಸ್‌ಟೆನ್ಶನ್ ಖಾತೆಯ ಸಿಂಕ್‌ನಲ್ಲಿ, ಅಂದರೆ ಬ್ರೌಸರಿನ ವಿವರಗಳನ್ನು ಗೂಗಲ್ ಖಾತೆಯಲ್ಲಿ ಉಳಿಸಿಡುವ ವ್ಯವಸ್ಥೆಯಲ್ಲಿ ಸೇರಿಕೊಂಡಿತ್ತು. ಯಂತ್ರವನ್ನು ಎಷ್ಟು ಬಾರಿ ತೊಳೆದರೇನು, ಸೈನ್ ಇನ್ ಆದೊಡನೆ ಕ್ರೋಮ್ ಅದನ್ನು ಖಾತೆಯಿಂದ ಮತ್ತೆ ಇಳಿಸಿಕೊಳ್ಳುತ್ತಿತ್ತು. ಸಿಂಕ್ ಚಾಲೂ ಇರುವಾಗಲೇ ಎಕ್ಸ್‌ಟೆನ್ಶನ್ ತೆಗೆದುಹಾಕಿದೆ, ಖಾತೆಯಿಂದಲೂ ಹೋಯಿತು. ಸಿಂಕ್ ಸೆಟ್ಟಿಂಗ್ಸ್‌ನಲ್ಲಿ ಎಕ್ಸ್‌ಟೆನ್ಶನ್‌ಗಳ ಗುರುತನ್ನೂ ತೆಗೆದೆ. ಹತ್ತು ನಿಮಿಷದ ಕೆಲಸ.

ಮುಂದೆ ಬಾರದಿರಲು ಮೂರು ಕಡೆಯೂ ಬೇರೆಬೇರೆ ಏರ್ಪಾಡು ಮಾಡಿದ್ದೇನೆ. ಅಪ್ಪಯ್ಯನ ಲ್ಯಾಪ್‌ಟಾಪ್‌ಗೆ ಫೈರ್‌ಫಾಕ್ಸ್ ಮತ್ತು ಅದರ ಮೇಲೆ ಜಾಹೀರಾತು ತಡೆಯುವ ಯೂಬ್ಲಾಕ್ ಒರಿಜಿನ್ ಎಂಬ ಎಕ್ಸ್‌ಟೆನ್ಶನ್. ಕ್ರೋಮ್‌ನಲ್ಲಿ ಈಗ ಅದರ ಲೈಟ್ ಆವೃತ್ತಿ ಮಾತ್ರ ನಡೆಯುತ್ತದೆ. ಪೂರ್ಣ ಆವೃತ್ತಿ ಬೇಕೆಂದೇ ಬ್ರೌಸರ್ ಬದಲಿಸಿದೆ. ಧಾರಣೆಗೆ ಇನ್ನು ಹುಡುಕಾಟ ಬೇಡವೆಂದು ಸರ್ಕಾರದ ಕೃಷಿ ಮಾರಾಟ ವಾಹಿನಿಯ ಪುಟವನ್ನು ಬುಕ್‌ಮಾರ್ಕ್ ಮಾಡಿಕೊಟ್ಟೆ. ರಾಶಿ, ಬೆಟ್ಟೆ, ಗೊರಬಲು, ಸರಕು, ಎಲ್ಲದರ ದರವೂ ಅಲ್ಲಿಯೇ ಸಿಗುತ್ತದೆ.

ಅಂಗಡಿಯಲ್ಲಿ ದಿನದ ಕೆಲಸಕ್ಕೆ ಅಡ್ಮಿನ್ ಅಲ್ಲದ ಖಾತೆಯನ್ನು ಮಾಡಿಕೊಂಡಿದ್ದೇನೆ. ಯಾವುದೇ ಪ್ರೋಗ್ರಾಂ ವಿಂಡೋಸ್‌ನ ಒಳಭಾಗಕ್ಕೆ ಕೈಹಾಕಬೇಕಾದರೆ ಪಾಸ್‌ವರ್ಡ್ ಕೇಳಬೇಕಾಗುತ್ತದೆ. ಪಿಡಿಎಫ್ ತಿದ್ದಲು ಲಿಬ್ರೆಆಫೀಸ್ ಡ್ರಾ ಸಾಕಾಗಿದೆ. ಕನ್ನಡ ಟೈಪಿಂಗ್‌ಗೆಂದು ಕಂಡಕಂಡಲ್ಲಿಂದ ಇಳಿಸಿಕೊಂಡು ಸೋಂಕು ತಂದುಕೊಳ್ಳುವವರನ್ನು ಅಂಗಡಿಯಲ್ಲಿ ನೋಡುತ್ತಲೇ ಇರುತ್ತೇನೆ. 2019ರ ಮೇ ಆವೃತ್ತಿಯಿಂದ ವಿಂಡೋಸ್ 10ರಲ್ಲಿಯೇ ಕನ್ನಡದ ಫೋನೆಟಿಕ್ ಕೀಲಿಮಣೆ ಇದೆ, ಏನನ್ನೂ ಇಳಿಸಬೇಕಿಲ್ಲ. ಇಳಿಸಲೇಬೇಕಾದಾಗ ಹುಡುಕಾಟದ ಮೇಲ್ತುದಿಯ ‘ಪ್ರಾಯೋಜಿತ’ ಕೊಂಡಿಗಳನ್ನು ಬಿಟ್ಟು, ತಯಾರಕರ ಸ್ವಂತ ತಾಣಕ್ಕೆ ಹೋಗುತ್ತೇನೆ. ಸ್ಥಾಪಿಸುವಾಗ ‘ಕಸ್ಟಮ್’ ಆಯ್ದು ಪ್ರತಿ ಪುಟವನ್ನೂ ಓದಿ, ಮೊದಲೇ ಹಾಕಿಟ್ಟ ಟಿಕ್‌ಗಳನ್ನು ತೆಗೆಯುತ್ತೇನೆ. ಅಂದು ಲಗ್ನಪತ್ರಿಕೆಯ ಅವಸರದಲ್ಲಿ ನಾನು ಓದದೆ ದಾಟಿದ್ದು ಅಂಥದೇ ಒಂದು ಟಿಕ್.

ಅಕ್ಕನ ಮನೆಗೆ ಹೊರಗಿನ ಹಾರ್ಡ್‌ಡಿಸ್ಕ್ ಒಂದನ್ನು ಕೊಂಡುಕೊಟ್ಟೆ. ತಿಂಗಳಿಗೊಮ್ಮೆ ಲೆಕ್ಕದ ಫೋಲ್ಡರನ್ನು ಅದಕ್ಕೆ ಇಳಿಸಿ, ಮತ್ತೆ ಬಿಚ್ಚಿ ಕಪಾಟಿನಲ್ಲಿಡುವುದನ್ನು ಸೋದರಳಿಯನಿಗೆ ಕಲಿಸಿದ್ದೇನೆ. ಹಣ ಹೋದರೆ ತಡಮಾಡದೆ ಕರೆ ಮಾಡಬೇಕಾದ ಸೈಬರ್ ಅಪರಾಧ ಸಹಾಯವಾಣಿಯ 1930 ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಅವನೇ ಬರೆದ. ಉಪನಯನದ ಪಟಗಳಲ್ಲಿ ಕೆಲವನ್ನು ನೆಂಟರ ಮೊಬೈಲ್‌ಗಳಿಂದ ಕೂಡಿಸಿದ್ದಾಯಿತು. ತೋಟದ ಲೆಕ್ಕವನ್ನು ಅಕ್ಕ ಮಂಡಿಯ ಹಳೆಯ ಚೀಟಿಗಳನ್ನು ಹುಡುಕಿ ಹುಡುಕಿ ಮತ್ತೆ ತುಂಬುತ್ತಿದ್ದಾಳೆ. ಇನ್ನೂ ನಾಲ್ಕು ವರ್ಷದ್ದು ಬಾಕಿ ಇದೆ.