4 ಸ್ಟಾರ್ ಕೊಡ್ತೀನಿ, ಒಂದು ಕಟ್ ಆಗಿದ್ದು ಹೊರಗಿನ ಶವರ್‌ಗೆ

ಅಕ್ಟೋಬರಲ್ಲಿ ನಮ್ ಕ್ಯಾಂಪರ್ ವ್ಯಾನ್ (ಒಳಗೇ ಮಲಗೋಕೆ, ಸಿಂಕು, ನೀರು ಎಲ್ಲಾ ಇರೋ ಗಾಡಿ) ತಗೊಂಡು ಲೇಹ್‌ಗೆ ಹೋಗಿ ಚಳಿಗಾಲ ಪೂರ್ತಿ ಅಲ್ಲೇ ಪರಿಚಯದವ್ರ ಶೆಡ್ಡಲ್ಲಿ ನಿಲ್ಸಿ ಬರೋದು ಅಂತ ಇತ್ತು, ಅದಕ್ಕೆ ಇಲ್ಲೇ ಶಿವಮೊಗ್ಗದಲ್ಲಿ ಸಾಗರ ರೋಡ್ ಕಡೆ ಒಂದು ಗ್ಯಾರೇಜಲ್ಲಿ ನೀರಿನ ಲೈನ್ ಚಳಿಗೆ ಒಡೀದಂಗೆ ರೆಡಿ ಮಾಡ್ಸಿದ್ವಿ. ಆಗುಂಬೆ ಮಳೆ ನೋಡ್ಕೊಂಡು ಬೆಳೆದ ನಮಗೆ ಪೈಪಲ್ಲಿ ನೀರು ಗಡ್ಡೆ ಕಟ್ಟುತ್ತೆ ಅಂದ್ರೆ ತಮಾಷೆ, ಆದ್ರೆ ನೀರು ಐಸ್ ಆದ್ರೆ ಸುಮಾರು 9% ಉಬ್ಬುತ್ತೆ ಮಾರ್ರೆ, ಪೈಪು ಪಂಪು ಎಲ್ಲಾ ಸೀಳ್ಕೊಳುತ್ತೆ.

ಹುಡುಗ್ರು ಕೆಲಸ ಗೊತ್ತಿರೋರು. ಟ್ಯಾಂಕ್ ಖಾಲಿ ಮಾಡಿ, ಗೀಸರ್ ತಣ್ಣಗಾದ್ಮೇಲೇ ಡ್ರೈನ್ ಪ್ಲಗ್ ಬಿಚ್ಚಿ, ಗೀಸರ್ ಒಳಗೆ ಏನೂ ಹೋಗ್ದಂಗೆ ಬೈಪಾಸ್ ವಾಲ್ವ್ ತಿರುಗ್ಸಿ, ಆಮೇಲೆ ಪಿಂಕ್ ಆಂಟಿಫ್ರೀಜ್ (ಚಳಿಗೆ ನೀರಿನ ತರ ಗಡ್ಡೆ ಕಟ್ಟದಿರೋ ದ್ರವ) ಪಂಪ್ ಮಾಡಿ ಒಂದೊಂದೇ ನಲ್ಲೀಲಿ ಪಿಂಕ್ ಬರೋವರ್ಗೂ ಬಿಟ್ರು, ಸಿಂಕ್ ಕೆಳಗೆ ನೀರು ನಿಲ್ಲೋ ಬಾಗಿದ ಪೈಪಿಗೂ (ಟ್ರ್ಯಾಪ್) ಒಂದು ಲೋಟ ಸುರಿದ್ರು. ರೇಡಿಯೇಟರ್ ಕೂಲಂಟೇ ಹಾಕ್ಬಿಡಿ ಚೀಪು ಅಂದು ಬೈಸ್ಕೊಂಡೆ, ಅದ್ರಲ್ಲಿ ಸಾಮಾನ್ಯವಾಗಿ ಇರೋದು ಎಥಿಲೀನ್ ಗ್ಲೈಕಾಲ್, ವಿಷ, ಕುಡಿಯೋ ನೀರಿನ ಲೈನಿಗೆ ಪ್ರೊಪಿಲೀನ್ ಗ್ಲೈಕಾಲ್ದೇ ಆಗ್ಬೇಕಂತೆ.

ಒಂದೇ ಬೇಜಾರು, ಹೊರಗಡೆ ಶವರ್ ಮರ್ತಿದ್ರು. ಮನೇಗ್ ಬಂದು ತಿರುಗ್ಸಿದ್ರೆ ತೊಟ ತೊಟ ಅಂತ ಬರೀ ನೀರು! ವಾಪಸ್ ಹೋದಾಗ ದುಡ್ಡು ಕೇಳ್ದೆ ಮಾಡ್ಕೊಟ್ರು, ಮೇಲಿಂದ ಒಂದು ಟೀ ಬೇರೆ.